ರತ್ನಗಂಬಳಿ ಮಗ್ಗದ ಹುಡುಗ

ಲಾಹೋರಿಗೆ ಸಮೀಪದ ಮುರೀದ್ಕೆಯ ಇಕ್ಬಾಲ್ ಮಸೀಹನನ್ನು ಮನೆಯವರು 600 ರೂಪಾಯಿ ಸಾಲಕ್ಕಾಗಿ ರತ್ನಗಂಬಳಿ ಮಗ್ಗಕ್ಕೆ ಒತ್ತೆಯಿಟ್ಟರು. ಆಗವನಿಗೆ ನಾಲ್ಕೇ ವರ್ಷ! ದಿನಕ್ಕೆ ಹನ್ನೆರಡು ತಾಸಿಗೂ ಮಿಕ್ಕಿ ದುಡಿದರೂ ಸಾಲ ಬೆಳೆಯುತ್ತಲೇ ಹೋಯಿತು. ಬಡ್ಡಿಯ ಲೆಕ್ಕ ಬರೆಯುವ ಕೈ ಎಂಥದೆಂದು ಇಲ್ಲಿ ಯಾರಿಗೆ ಗೊತ್ತಿಲ್ಲ?

1992ರಲ್ಲಿ ಪಾಕಿಸ್ತಾನದಲ್ಲಿ ಜೀತದ ಸಾಲಗಳನ್ನೆಲ್ಲ ರದ್ದುಮಾಡುವ ಕಾಯಿದೆ ಬಂತು. ಮಾಲೀಕರು ಅದನ್ನು ಹೇಳುವರೇ? ಜೀತವಿಮೋಚನೆಯವರ ಸಭೆಯಲ್ಲಿ ಹುಡುಗ ಅದನ್ನು ತಿಳಿದ, ಎದ್ದುನಿಂತು ತನ್ನ ಕಥೆ ಹೇಳಿದ, ಮಗ್ಗಕ್ಕೆ ಮರಳಲಿಲ್ಲ. ಶಾಲೆ ಸೇರಿದ, ವಕೀಲನಾಗುವ ಆಸೆಯಿತ್ತು. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಇರದೆ, ಜೀತದಲ್ಲೇ ಉಳಿದ ಮಕ್ಕಳಿಗೂ ಅವರ ಸಾಲ ರದ್ದಾಗಿದೆಯೆಂದು ಸಾರತೊಡಗಿದ. ನಾನು ಮೆಚ್ಚುವುದು ಇದನ್ನೇ.

1994ರಲ್ಲಿ ಅಮೆರಿಕಕ್ಕೂ ಹೋಗಿ ಮಾತಾಡಿ ಬಂದ. 1995ರ ಏಪ್ರಿಲ್ 16ರಂದು ಗುಂಡಿಗೆ ಬಲಿಯಾದ. ಕೊಂದವರ ಬಗೆಗಿನ ವಾದ ಈಗಲೂ ಬಗೆಹರಿದಿಲ್ಲ.