ಹಗ್ಗ ಯಾರ ಕೈಯಲ್ಲಿದೆ?



ದುಡಿಯುವವರ ಬದುಕಿನ ಬಗ್ಗೆ ವರ್ಷಕ್ಕೊಮ್ಮೆಯಾದರೂ ಒಂದೆಡೆ ಕುಳಿತು ಯೋಚಿಸಬೇಕು ಎಂಬ ಆಸೆಯಿಂದ ಈ ದತ್ತಿ ಉಪನ್ಯಾಸ ಹುಟ್ಟಿದೆ. ಕೆಲಸದ ಜಾಗಕ್ಕೆ ಹೊಸ ಯಂತ್ರ ಬರುತ್ತದೆ. ಅದೇ ಯಂತ್ರದಿಂದ ಒಂದು ಸಂಸ್ಥೆ ಏಳಿಗೆ ಕಾಣುತ್ತದೆ, ಇನ್ನೊಂದು ಇದ್ದಲ್ಲೇ ಉಳಿಯುತ್ತದೆ. ಇದು ಯಾಕೆ ಎನ್ನುವುದೇ ಇಂದಿನ ವಿಷಯ.

ನನ್ನ ಅನುಭವದಿಂದಲೇ ಶುರುಮಾಡುತ್ತೇನೆ. ನಾನು ಪಾಠ ಹೇಳುತ್ತಿದ್ದ ಒಂದು ಕಾಲೇಜಿಗೆ ಬೆರಳಚ್ಚಿನ ಹಾಜರಿ ಯಂತ್ರ ಬಂತು. ಬಾಗಿಲ ಪಕ್ಕದ ಗೋಡೆಗೆ ಕೂರಿಸಿ, ಕುಂಕುಮವಿಟ್ಟು, ಕಾಯಿ ಒಡೆದರು. ಆದರೆ ಮೇಜಿನ ಮೇಲಿದ್ದ ಹಾಜರಿ ಪುಸ್ತಕ ಅಲ್ಲೇ ಉಳಿಯಿತು. ನಾವು ಬೆರಳನ್ನೂ ಒತ್ತುತ್ತಿದ್ದೆವು, ಸಹಿಯನ್ನೂ ಹಾಕುತ್ತಿದ್ದೆವು. ತಿಂಗಳ ಕೊನೆಗೆ ಗುಮಾಸ್ತೆಯೊಬ್ಬರು ಎರಡನ್ನೂ ತಾಳೆ ನೋಡಿ ಮೂರನೆಯ ಪಟ್ಟಿಯೊಂದನ್ನು ಬರೆಯಬೇಕಿತ್ತು. ಒಂದು ಸಂಜೆ ಆಕೆ, “ಸಾರ್, ಮೊದಲು ಒಂದು ಪುಸ್ತಕ ನೋಡಿದರೆ ಸಾಕಿತ್ತು, ಈಗ ಮೂರು ನೋಡಬೇಕು” ಎಂದರು. ಯಂತ್ರ ತರುವ ಮುಂಚೆ ಆಕೆಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಆಕೆಯ ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಇದಕ್ಕೆ ಪ್ರತಿಯಾಗಿ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ, ನಮ್ಮದೇ ನಾಡಿನ ‘ಭೂಮಿ’ ಯೋಜನೆಯನ್ನು ನೋಡೋಣ. ಇಲ್ಲಿ ಕೂತಿರುವ ರೈತಮಕ್ಕಳಿಗೆ ಪಹಣಿ ಎಂದರೇನು ಎಂದು ನಾನು ವಿವರಿಸಬೇಕಿಲ್ಲ. ಬೆಳೆಸಾಲಕ್ಕೆ, ಜಾಮೀನಿಗೆ, ಮಾರಾಟಕ್ಕೆ, ಎಲ್ಲಕ್ಕೂ ಅದು ಬೇಕು. ‘ಭೂಮಿ’ ಬರುವ ಮುಂಚೆ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿ 67 ಲಕ್ಷ ರೈತರ ಎರಡು ಕೋಟಿ ದಾಖಲೆಗಳಿದ್ದವು. ಲೆಕ್ಕಿಗರು ಸಿಕ್ಕ ದಿನವೇ ಪಹಣಿ ಸಿಗುವ ದಿನ. ಅವರು ಕೇಳಿದ್ದೇ ಅದರ ಬೆಲೆ.

ಕಂಪ್ಯೂಟರು ಕಂದಾಯ ಇಲಾಖೆಗೆ ಹೊಸದೇನಾಗಿರಲಿಲ್ಲ. 1990ರ ದಶಕದಲ್ಲೇ ದಾಖಲೆಗಳನ್ನು ಗಣಕಕ್ಕೆ ಏರಿಸುವ ಪ್ರಯತ್ನ ನಡೆದಿತ್ತು. ಪಹಣಿ ತಿದ್ದುವ ಕೆಲಸ ನಡೆಯುತ್ತಿದ್ದದ್ದು ತಾಲ್ಲೂಕಿನಲ್ಲಿ, ಆದರೆ ಅಲ್ಲಿ ಕಂಪ್ಯೂಟರು ಇಡಲು ಆ ಯೋಜನೆಯಲ್ಲಿ ಅವಕಾಶವೇ ಇರಲಿಲ್ಲ. ಹಳ್ಳಿಯ ಪುಸ್ತಕ ದಿನದಿನಕ್ಕೆ ಬದಲಾಗುತ್ತ ಹೋಯಿತು, ಕಂಪ್ಯೂಟರಿನ ಒಳಗಿನದು ಹಳತಾಗುತ್ತ ಹೋಯಿತು. ದುಡ್ಡು ಖರ್ಚಾಯಿತು, ರೈತ ನಿಂತಲ್ಲೇ ನಿಂತಿದ್ದ.

2001ರ ಸುಮಾರಿಗೆ ‘ಭೂಮಿ’ ಬಂದಾಗ ಬದಲಾದದ್ದು ಕೆಲಸದ ಕ್ರಮ. ಕಂಪ್ಯೂಟರು ತಾಲ್ಲೂಕು ಕಚೇರಿಗೇ ಬಂತು. ಟೈಪಾದ ಪ್ರತಿಗಳನ್ನು ಮೂಲ ಪುಸ್ತಕದೊಂದಿಗೆ ತಾಳೆ ನೋಡುವ ಹೊಣೆಯನ್ನು ಗ್ರಾಮಲೆಕ್ಕಿಗರಿಗೇ ವಹಿಸಿದರು. ಒಂದು ತಾಲ್ಲೂಕಿನ ದಾಖಲೆ ಪೂರ್ತಿಯಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲವೆಂದು ಸರ್ಕಾರ ಸಾರಿತು. ಈ ಒಂದು ನಿರ್ಧಾರಕ್ಕೆ ನಾನು ಕೈಮುಗಿಯುತ್ತೇನೆ. ಹಳೆಯ ಪುಸ್ತಕ ಮುಚ್ಚಿದ್ದರಿಂದಲೇ ಹೊಸ ಯಂತ್ರಕ್ಕೆ ಬೆಲೆ ಬಂತು.

ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೊಡುತ್ತಿದ್ದ ಆಗಿನ ಕಿಟಕಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಒಳಗೆ ಕೂತ ನೌಕರ ಬೆರಳಚ್ಚು ಒತ್ತಿಯೇ ಕೆಲಸ ಶುರುಮಾಡಬೇಕಿತ್ತು. ಯಾರ ಕೈಯಿಂದ ಯಾವ ದಾಖಲೆ ಬದಲಾಯಿತು ಎಂಬುದು ಅಲ್ಲೇ ದಾಖಲಾಗುತ್ತಿತ್ತು. ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆ ಇತ್ತು. ತನ್ನ ಸರ್ವೆ ನಂಬರು, ತನ್ನ ತಂದೆಯ ಹೆಸರು ಅಲ್ಲಿ ಮೂಡುವುದನ್ನು ಆತ ಕಣ್ಣಾರೆ ನೋಡುತ್ತಿದ್ದ. ಆಗಿನ ಶುಲ್ಕ ಹದಿನೈದು ರೂಪಾಯಿ ಕೊಡುತ್ತಿದ್ದ, ಪ್ರತಿ ತೆಗೆದುಕೊಂಡು ಹೋಗುತ್ತಿದ್ದ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಸಾಗಬೇಕೆಂದು ತಂತ್ರಾಂಶದಲ್ಲೇ ಕಟ್ಟುಮಾಡಿದ್ದರು. ಸರದಿ ತಪ್ಪಿಸುವ ಅಧಿಕಾರ ಮೇಜಿನಿಂದ ಹೋಯಿತು.

‘ಭೂಮಿ’ಯಿಂದ ಎಲ್ಲವೂ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಪುಸ್ತಕದಲ್ಲಿದ್ದ ತಪ್ಪುಗಳು ಕಂಪ್ಯೂಟರಿಗೂ ಏರಿದವು. ಪಹಣಿ ತಿದ್ದುಪಡಿಗೆ, ಪೌತಿ ಖಾತೆಗೆ ಅಲೆಯುವ ಜನ ಇಂದಿಗೂ ಇದ್ದಾರೆ. ಗಮನಿಸಬೇಕಾದ ಸಂಗತಿ ಇದು: ಯಂತ್ರದ ಜೊತೆಗೆ ಕೆಲಸದ ಕ್ರಮವೂ ಬದಲಾದ ಕಡೆ ಫಲ ಸಿಕ್ಕಿತು, ಕ್ರಮ ಹಳೆಯದೇ ಉಳಿದ ಕಡೆ ಅಲೆದಾಟವೂ ಉಳಿಯಿತು.

ಹಾಗಾದರೆ ಯಂತ್ರವೇ ಬದಲಾಗದೆ ಬರೀ ಕ್ರಮ ಬದಲಾದರೆ ಏನಾಗುತ್ತದೆ? ಮುಂಬೈ ಬಳಿಯ ತಾರಾಪುರ, ಉಂಬರಗಾಂವ್‌ಗಳ ಬಟ್ಟೆ ಮಿಲ್ಲುಗಳಲ್ಲಿ 2008ರಲ್ಲಿ ಒಂದು ಪ್ರಯೋಗ ಶುರುವಾಯಿತು. ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು 17 ಕಂಪನಿಗಳ 28 ಮಿಲ್ಲುಗಳನ್ನು ಅಧ್ಯಯನ ಮಾಡಿದರು. ಹೆಸರುಚೀಟಿಯಿಲ್ಲದೆ ನೂಲು ನೆಲದ ಮೇಲೆ ರಾಶಿ ಬಿದ್ದಿರುತ್ತಿತ್ತು. ಮಗ್ಗ ಯಾಕೆ ಕೆಟ್ಟಿತು, ಬಟ್ಟೆಯಲ್ಲಿ ದೋಷ ಎಲ್ಲಿಂದ ಬಂತು ಎಂದು ಬರೆದಿಡುವ ರೂಢಿ ಇರಲಿಲ್ಲ. ಆಯ್ದ ಮಿಲ್ಲುಗಳಿಗೆ ಐದು ತಿಂಗಳ ಮಾರ್ಗದರ್ಶನ ಸಿಕ್ಕಿತು. ನೂಲಿಗೆ ಚೀಟಿ ಬಂತು, ಯಂತ್ರಕ್ಕೆ ನಿಗದಿತ ದಿನ ಎಣ್ಣೆ ಬಿತ್ತು, ದೋಷಗಳನ್ನು ದಿನವೂ ಬರೆದು, ಎಲ್ಲರೂ ಕೂತು ಮಾತಾಡುವುದು ರೂಢಿಯಾಯಿತು. ಮೊದಲ ವರ್ಷದಲ್ಲೇ ಆ ಮಿಲ್ಲುಗಳ ಉತ್ಪಾದಕತೆ ಶೇ. 17ರಷ್ಟು ಹೆಚ್ಚಿತು.

ಇನ್ನೊಂದು ಉದಾಹರಣೆ ಅಮೆರಿಕದ್ದು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರಿನ ಕಾರ್ಖಾನೆಯೊಂದಿತ್ತು. ಗೈರುಹಾಜರಿ, ಜಗಳ, ಮುಷ್ಕರಗಳಿಗೆ ಹೆಸರಾಗಿದ್ದ ಅದನ್ನು 1982ರಲ್ಲಿ ಮುಚ್ಚಿದರು. 1984ರಲ್ಲಿ ಅದೇ ಕಟ್ಟಡದಲ್ಲಿ ಟೊಯೋಟಾ ಜೊತೆಗೂಡಿ ‘ನುಮ್ಮಿ’ ಎಂಬ ಜಂಟಿ ಕಂಪನಿ ಶುರುವಾಯಿತು. ಆರಂಭದಲ್ಲಿ ಸೇರಿಸಿಕೊಂಡ ಕಾರ್ಮಿಕರಲ್ಲಿ ನೂರಕ್ಕೆ ಸುಮಾರು 85 ಮಂದಿ ಆ ಹಳೆಯ ಕಾರ್ಖಾನೆಯವರೇ. ಕಾರ್ಮಿಕ ಸಂಘವೂ ಅದೇ. ಯಂತ್ರಗಳು ಆ ಕಾಲಕ್ಕೆ ತೀರಾ ಆಧುನಿಕವೇನೂ ಆಗಿರಲಿಲ್ಲ.

ಅಲ್ಲಿ ಹೊಸದಾಗಿ ಬಂದದ್ದು ಒಂದು ಹಗ್ಗ. ಅದನ್ನು ‘ಆಂಡಾನ್’ ಹಗ್ಗ ಎನ್ನುತ್ತಾರೆ. ಕಾರುಗಳು ಸಾಲಾಗಿ ಸಾಗುವ ಲೈನಿನ ಉದ್ದಕ್ಕೂ, ಕೈಗೆ ಎಟಕುವಂತೆ ಅದನ್ನು ತೂಗುಹಾಕಿದ್ದರು. ಬೋಲ್ಟೊಂದು ಸರಿಯಾಗಿ ಕೂರಲಿಲ್ಲವೇ, ಕಾರ್ಮಿಕ ಹಗ್ಗ ಎಳೆಯಬಹುದು. ಕೂಡಲೇ ತಂಡದ ಮುಖ್ಯಸ್ಥ ಓಡಿಬಂದು ‘ಏನಾಯಿತು, ಹೇಗೆ ಸರಿಪಡಿಸೋಣ’ ಎಂದು ಕೇಳಬೇಕು. ಅಷ್ಟರಲ್ಲಿ ಸರಿಹೋಗದಿದ್ದರೆ ಇಡೀ ಲೈನು ನಿಲ್ಲುತ್ತದೆ. ಹಳೆಯ ಕಾರ್ಖಾನೆಯಲ್ಲಿ ಲೈನು ನಿಲ್ಲಿಸುವುದೆಂದರೆ ಕೆಲಸಕ್ಕೇ ಕುತ್ತು ತಂದುಕೊಂಡಂತೆ. ಕೆಟ್ಟ ಕಾರು ಹಾಗೆಯೇ ಮುಂದೆ ಹೋಗಬೇಕಿತ್ತು. ನಿನ್ನೆಯವರೆಗೆ ನಂಬಿಕೆಗೆ ಅರ್ಹನಲ್ಲ ಎನಿಸಿಕೊಂಡಿದ್ದ ಮನುಷ್ಯನ ಕೈಗೆ ಇಡೀ ಕಾರ್ಖಾನೆ ನಿಲ್ಲಿಸುವ ಹಗ್ಗ ಕೊಟ್ಟರು.

ಫಲವೇನು? 1980ರ ದಶಕದಲ್ಲಿ ಎಂ.ಐ.ಟಿ. ಸಂಶೋಧಕರು ಲೆಕ್ಕ ಹಾಕಿದಾಗ, ಒಂದು ಕಾರು ಜೋಡಿಸಲು ಜನರಲ್ ಮೋಟಾರ್ಸ್‌ನ ಫ್ರೇಮಿಂಗ್‌ಹ್ಯಾಮ್ ಕಾರ್ಖಾನೆಗೆ 31 ಗಂಟೆ ಬೇಕಿತ್ತು, ಟೊಯೋಟಾದ ತಕಾವೋಕಾಕ್ಕೆ 16 ಗಂಟೆ, ನುಮ್ಮಿಗೆ 19 ಗಂಟೆ. ಗುಣಮಟ್ಟದಲ್ಲಿ ನುಮ್ಮಿ ಜಪಾನಿನ ಕಾರ್ಖಾನೆಗೆ ಸರಿಸಾಟಿಯಾಗಿತ್ತು. ಅದೇ ಕಾಲದಲ್ಲಿ ಜನರಲ್ ಮೋಟಾರ್ಸ್ ತನ್ನ ಬೇರೆ ಕಾರ್ಖಾನೆಗಳಿಗೆ ರೋಬೋಟುಗಳನ್ನು ತರಲು ಕೋಟ್ಯಂತರ ಡಾಲರ್ ಸುರಿಯುತ್ತಿತ್ತು. ಅಲ್ಲಿ ಅದಕ್ಕೆ ತಕ್ಕ ಫಲ ಕಾಣಲಿಲ್ಲ.

ಹಗ್ಗದ ಹಿಂದೆ ಒಂದು ಭರವಸೆಯೂ ಇತ್ತು. ಉತ್ಪಾದನೆ ಹೆಚ್ಚಿಸಿದ್ದಕ್ಕಾಗಿ ನಿಮ್ಮ ಕೆಲಸ ಹೋಗುವುದಿಲ್ಲ ಎಂಬ ಭರವಸೆ ಅದು. 1988ರ ಸುಮಾರಿಗೆ ಕಾರಿಗೆ ಬೇಡಿಕೆ ತಗ್ಗಿದಾಗ ಕಂಪನಿ ಯಾರನ್ನೂ ಮನೆಗೆ ಕಳಿಸಲಿಲ್ಲ. ಕೆಲಸವಿಲ್ಲದವರನ್ನು ತರಬೇತಿಗೆ ಹಾಕಿತು. ಕಂಪನಿ ಮಾತು ಉಳಿಸಿಕೊಂಡಿತು, ಕಾರ್ಮಿಕರು ಹಗ್ಗದ ಮೇಲಿನ ನಂಬಿಕೆ ಉಳಿಸಿಕೊಂಡರು. ತನ್ನ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬ ಭಯವಿರುವ ನೌಕರ ತಪ್ಪನ್ನು ತೋರಿಸುವುದಿಲ್ಲ, ಮುಚ್ಚಿಡುತ್ತಾನೆ. ಎಷ್ಟು ಕ್ಯಾಮೆರಾ ಹಾಕಿದರೂ, ಎಷ್ಟು ಆ್ಯಪ್ ಕೊಟ್ಟರೂ, ಮುಚ್ಚಿಟ್ಟ ತಪ್ಪು ಮೇಲಕ್ಕೆ ಬರುವುದಿಲ್ಲ.

ಇಂದು ನಮ್ಮ ಬ್ಯಾಂಕು, ಆಸ್ಪತ್ರೆ, ಶಾಲೆ, ಪಂಚಾಯಿತಿಗಳಿಗೆಲ್ಲ ಹೊಸ ತಂತ್ರಾಂಶಗಳು ಬರುತ್ತಿವೆ. ಕೃತಕ ಬುದ್ಧಿಮತ್ತೆಯೂ ಬಂದಿದೆ. ಅವುಗಳಲ್ಲಿ ಹಲವು ನೌಕರನ ಮೇಲೆ ಕಣ್ಣಿಡುವ ಸಾಧನಗಳಾಗುತ್ತಿವೆ, ಅವನ ಕೈಗೆ ಹಗ್ಗ ಕೊಡುವ ಸಾಧನಗಳಾಗುತ್ತಿಲ್ಲ. ಆಶಾ ಕಾರ್ಯಕರ್ತೆಯರ, ಅಂಗನವಾಡಿ ಕಾರ್ಯಕರ್ತೆಯರ ಕೈಗೆ ಮೊಬೈಲು ಬಂದಿದೆ. ಪುಸ್ತಕದಲ್ಲಿ ಬರೆದದ್ದನ್ನೇ ಅವರು ಮೊಬೈಲಿನಲ್ಲೂ ತುಂಬಬೇಕಾದರೆ ಅದು ನಮ್ಮ ಕಾಲೇಜಿನ ಹಾಜರಿಯ ಕಥೆಯೇ ಆಗುತ್ತದೆ.

ಈ ಸಭೆಯಲ್ಲಿ ಸಂಸ್ಥೆ ನಡೆಸುವವರಿದ್ದೀರಿ, ನಾಳೆ ನಡೆಸಲಿರುವ ವಿದ್ಯಾರ್ಥಿಗಳಿದ್ದೀರಿ. ನಿಮ್ಮಲ್ಲಿ ನನ್ನದೊಂದು ಪ್ರಾರ್ಥನೆ. ಹೊಸ ಯಂತ್ರದ ಖರೀದಿ ಕಡತ ನಿಮ್ಮ ಮೇಜಿಗೆ ಬಂದಾಗ, ಸಹಿ ಹಾಕುವ ಮುನ್ನ, ನಾಳೆ ಅದರ ಮುಂದೆ ಕೂರಬೇಕಾದ ಗುಮಾಸ್ತೆಯನ್ನು ಕರೆಯಿರಿ. ಕುರ್ಚಿ ಕೊಟ್ಟು ಕೂರಿಸಿ. “ಇದು ಬಂದರೆ ನಿಮ್ಮ ಯಾವ ಪುಸ್ತಕ ಮುಚ್ಚಬಹುದಮ್ಮ?” ಎಂದು ಕೇಳಿ. ಆಕೆ ಹೇಳಿದ ಪುಸ್ತಕವನ್ನು ಮುಚ್ಚಿಸುವ ಆದೇಶಕ್ಕೆ ಮೊದಲು ಸಹಿ ಹಾಕಿ, ಆಮೇಲೆ ಖರೀದಿಗೆ.