ಹಲಸಿನ ಹಪ್ಪಳವೂ ಮಹಿಳೆಯರ ಒಡೆತನವೂ



ಮಲೆನಾಡಿನಲ್ಲಿ ಹಲಸಿನ ಹಪ್ಪಳಕ್ಕೆ ಒದಗುವ ಕಾಲ ಬಹಳ ಕಿರಿದು. ಕಾಯಿ ಚೆನ್ನಾಗಿ ಬೆಳೆದಿರಬೇಕು, ಹಣ್ಣಾಗಿರಬಾರದು. ಮೇಲೆ ಒಳ್ಳೆಯ ಬಿಸಿಲಿರಬೇಕು. ಇವೆರಡೂ ಕೂಡಿಬರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಅಂಗಳದ ಕೆಲಸ ಮುಗಿಯಿತು. ಮರದಿಂದ ಕಾಯಿ ಇಳಿಸುವುದೊಂದನ್ನು ಬಿಟ್ಟರೆ ಮೇಣ ಒರೆಸಿ ಸೊಳೆ ಬಿಡಿಸುವುದು, ಹಬೆಯಲ್ಲಿ ಬೇಯಿಸಿ ಬಿಸಿಯಾಗಿರುವಾಗಲೇ ಕುಟ್ಟುವುದು, ಉಂಡೆಮಾಡಿ ಒತ್ತುವುದು, ಚಾಪೆಯ ಮೇಲೆ ಹರವಿ ಕಾಗೆ ಕೋಳಿಗಳಿಂದ ಕಾಯುವುದು ಎಲ್ಲವೂ ಹೆಂಗಸರದೇ. ಇದನ್ನು 'ಬಿಡುವಿನ ಕೆಲಸ'ವೆಂದು ಕರೆಯುವ ರೂಢಿಯೊಂದಿದೆ. ಬಿಡುವು ಯಾರಿಗಿದೆಯೋ ತಿಳಿಯದು.

ತಯಾರಿ ಎರಡು ತಿಂಗಳಿನದಾದರೂ ಹಪ್ಪಳ ತಿನ್ನುವುದು ವರ್ಷವಿಡೀ, ಅದರಲ್ಲೂ ಮಳೆ ಸುರಿಯುವ ದಿನಗಳಲ್ಲಿ. ಆದರೆ ಜೂನ್ ಬಂತೆಂದರೆ ಮಕ್ಕಳ ಶಾಲೆಯ ಖರ್ಚು, ಗದ್ದೆಯ ಖರ್ಚು. ಹೀಗಾಗಿ ಮೇ ಕೊನೆಗೇ ಕಟ್ಟುಗಳೆಲ್ಲ ಅಂಗಡಿಯವರು ಹೇಳಿದ ದರಕ್ಕೆ ಹೋಗಿಬಿಡುತ್ತವೆ. ಮಳೆಗಾಲದ ಬೆಲೆ ಅಂಗಡಿಯವರ ಪಾಲು. ಇದಕ್ಕೆ ಪರಿಹಾರವೆಂದು ತರಬೇತಿ ಶಿಬಿರ ನಡೆಸುವವರಿದ್ದಾರೆ. ಮಲೆನಾಡಿನ ಹೆಂಗಸರಿಗೆ ಹಪ್ಪಳ ಒತ್ತಲು ಕಲಿಸುವುದೆಂದರೆ ಮೀನಿಗೆ ಈಜು ಕಲಿಸಿದಂತೆ. ಅವರಿಗೆ ಬೇಕಾಗಿರುವುದು ಆಗಸ್ಟ್‌ವರೆಗೆ ಕಾಯಲು ಸಾಧ್ಯವಾಗುವಷ್ಟು ಹಣ, ತೇವ ತಾಗದ ಒಂದು ಕೋಣೆ.

ಹಣದ ಮಾತು ಬಂದಾಗ ಪಹಣಿಯ ಮಾತೂ ಬರುತ್ತದೆ. ಹಲಸಿನ ಮರವಿರುವ ಜಮೀನು ಬಹುಪಾಲು ಗಂಡಸರ ಹೆಸರಿನಲ್ಲಿದೆ. ಪಹಣಿಯಿಲ್ಲವೆಂದು ಬ್ಯಾಂಕಿನ ಮೆಟ್ಟಿಲನ್ನೇ ಹತ್ತದವರು ಒಂದು ಸಂಗತಿಯನ್ನು ಅರಿತಿರಬೇಕು: ಸಣ್ಣ ಉದ್ದಿಮೆಗಳಿಗೆ ನೀಡುವ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಭದ್ರತೆ ಕೇಳಕೂಡದೆಂದು ರಿಸರ್ವ್ ಬ್ಯಾಂಕ್ 2010ರಲ್ಲಿಯೇ ಬ್ಯಾಂಕುಗಳಿಗೆ ಆದೇಶಿಸಿತು. 2020ರಲ್ಲಿ ಆರಂಭವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯೂ ಸ್ವಸಹಾಯ ಸಂಘಗಳಲ್ಲಿ ಇಂಥ ಕೆಲಸದಲ್ಲಿ ತೊಡಗಿದ ಪ್ರತಿ ಸದಸ್ಯೆಗೆ 40,000 ರೂಪಾಯಿವರೆಗೆ ಮೂಲಧನವನ್ನು ಗೊತ್ತುಪಡಿಸಿತು. ಆದರೆ ಯಾವ ಹಣವೇ ಆಗಲಿ, ಮಾರ್ಚಿನೊಳಗೆ ಕೈಸೇರಬೇಕು. ಜುಲೈಯಲ್ಲಿ ಮಂಜೂರಾದ ಸಾಲ ಹಲಸಿಗೆ ಪ್ರಯೋಜನವಿಲ್ಲ.

1959ರಲ್ಲಿ ಮುಂಬಯಿಯಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲ ಪಡೆದು ಆರಂಭಿಸಿದ ಲಿಜ್ಜತ್ ಪಾಪಡ್ ಸಂಸ್ಥೆ ಇಲ್ಲಿ ನೆನಪಿಗೆ ಬರುತ್ತದೆ. ಅಲ್ಲಿ ಹಪ್ಪಳ ಲಟ್ಟಿಸುವವರೇ ಸಂಸ್ಥೆಯ ಒಡತಿಯರು, ಲಾಭನಷ್ಟವೂ ಅವರದೇ.

ಉದ್ದಿಮೆ ಬೆಳೆದಾಗ ಕಾಡಿನ ಮೇಲೆ ಬೀಳುವ ಹೊರೆಯನ್ನೂ ಎಣಿಸಬೇಕು. ಉಪ್ಪಾಗೆ ಹಣ್ಣಾಗುವುದೇ ಮಳೆಗಾಲದಲ್ಲಿ. ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು. ಬೇಡಿಕೆ ಏರಿದಷ್ಟೂ ಕಟ್ಟಿಗೆ ಬೇಕು. ಹಪ್ಪಳಕ್ಕಾದರೋ ಬಿಸಿಲೇ ಸಾಕು. ಮಳೆ ಮುಂಚಿತವಾಗಿ ಬಂದ ವರ್ಷದ ಮಟ್ಟಿಗೆ ಸಂಘಕ್ಕೊಂದು ಸೌರ ಒಣಗಿಸುವ ಪೆಟ್ಟಿಗೆ ಇದ್ದರೆ ಒಲೆ ಹೊತ್ತಿಸಬೇಕಿಲ್ಲ.

ಸಂಘಗಳು ಬರುವ ಹಂಗಾಮಿನಲ್ಲಿಯೇ ಮಾಡಬಹುದಾದದ್ದಿಷ್ಟು: ಹಪ್ಪಳವನ್ನು ಗಾಳಿಯಾಡದ ಡಬ್ಬಗಳಲ್ಲಿ ತುಂಬಿ ಒಂದೆಡೆ ಕೂಡಿಡುವುದು. ಕಟ್ಟು ಎಣಿಸಿಕೊಂಡು ಮೇ ತಿಂಗಳಲ್ಲಿಯೇ ಅರ್ಧ ಬೆಲೆಯನ್ನು ಮುಂಗಡವಾಗಿ ಕೊಡುವುದು, ಮಳೆಗಾಲದಲ್ಲಿ ಮಾರಾಟವಾದ ಮೇಲೆ ಉಳಿದದ್ದನ್ನು ಸಲ್ಲಿಸುವುದು. ಎರಡು ಕಂತೂ ಹಪ್ಪಳ ಮಾಡಿದವಳ ಖಾತೆಗೇ ಜಮೆಯಾಗಬೇಕು, ಯಜಮಾನರ ಖಾತೆಗಲ್ಲ.