ಟೈರು ಬದಲಾದರೆ ವೇಗದ ಲೆಕ್ಕವೂ ಬದಲಾಗಬೇಕು
(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಬೇಸಾಯಶಾಸ್ತ್ರದ ಅಧ್ಯಾಪಕನಾದ ನಾನು ಟೈರಿನ ಬಗ್ಗೆ ಮಾತನಾಡಲು ನಿಂತಿರುವುದು ಕೆಲವರಿಗೆ ಸೋಜಿಗವಾಗಿ ಕಾಣಬಹುದು. ಟೈರಿಗೂ ಬೆಳೆಗೂ ಇರುವ ನಂಟನ್ನು ನನಗೆ ಕಲಿಸಿದ್ದು ಒಬ್ಬ ರೈತರ ಕಡಲೆ ಹೊಲ. ಅದನ್ನು ಹೇಳುವ ಮೊದಲು ವೇಗ ತೋರಿಸುವ ಮೀಟರು ಹೇಗೆ ಕೆಲಸ ಮಾಡುತ್ತದೆಂದು ತಿಳಿಯೋಣ.

ಕಾರು, ಜೀಪುಗಳ ಸ್ಪೀಡೋಮೀಟರು ರಸ್ತೆಯನ್ನು ಅಳೆಯುವುದಿಲ್ಲ. ಅದು ಗೇರುಪೆಟ್ಟಿಗೆಯ ದಂಡದ ಅಥವಾ ಚಕ್ರದ ಸುತ್ತುಗಳನ್ನು ಎಣಿಸುತ್ತದೆ. ಒಂದು ಸುತ್ತಿಗೆ ಇಷ್ಟು ದೂರವೆಂದು ಕಾರ್ಖಾನೆಯಲ್ಲಿ ಗೊತ್ತುಮಾಡಿದ ಲೆಕ್ಕದ ಮೇಲೆ ವೇಗವನ್ನು ತೋರಿಸುತ್ತದೆ. 165/80 ಆರ್ 14 ಎಂಬ ಟೈರನ್ನು ನೋಡಿ. ಅಗಲ 165 ಮಿಲಿಮೀಟರು, ಪಕ್ಕದ ಗೋಡೆಯ ಎತ್ತರ ಅದರ ಶೇಕಡ 80, ರಿಮ್ಮಿನ ವ್ಯಾಸ 14 ಅಂಗುಲ. ಇದರ ಒಟ್ಟು ಎತ್ತರ ಸುಮಾರು 620 ಮಿಲಿಮೀಟರು. ಅದೇ ರಿಮ್ಮಿಗೆ 185/80 ಹಾಕಿದರೆ ಎತ್ತರ ಸುಮಾರು 652 ಆಗುತ್ತದೆ, ಎಂದರೆ ಶೇಕಡ 5ರಷ್ಟು ಹೆಚ್ಚು. ಮೊದಲು ಮೀಟರು ಸರಿಯಾಗಿದ್ದಿತೆಂದು ಇಟ್ಟುಕೊಂಡರೆ, ಈಗ ಅದು 60 ತೋರಿಸುವಾಗ ವಾಹನ 63 ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ. ಸಾವಿರ ಕಿಲೋಮೀಟರು ಓಡಿದರೂ ಸುಮಾರು 950 ಎಂದೇ ತೋರಿಸುತ್ತದೆ. ಡೀಸೆಲ್ ಹೆಚ್ಚು ಕುಡಿಯುತ್ತಿದೆಯೆಂದು ನಾವು ಎಂಜಿನ್ನನ್ನು ದೂರುತ್ತೇವೆ!

ಇದನ್ನು ಸರಿಪಡಿಸಬಹುದು. ಕೇಬಲ್ಲಿನಿಂದ ನಡೆಯುವ ಹಳೆಯ ಮೀಟರಿನಲ್ಲಿ ಕೇಬಲ್ಲನ್ನು ತಿರುಗಿಸುವ ಚಿಕ್ಕ ಗಾಲಿಯ ಹಲ್ಲುಗಳ ಸಂಖ್ಯೆ ಬದಲಿಸಬೇಕು. ದೊಡ್ಡ ಟೈರಿಗೆ ಹಲ್ಲು ಕಡಿಮೆ ಇರಬೇಕು; 21 ಹಲ್ಲಿನ ಬದಲು 20 ಹಲ್ಲಿನದು ಹಾಕಿದರೆ ಶೇಕಡ 5ರ ವ್ಯತ್ಯಾಸ ಸರಿಹೋಗುತ್ತದೆ. ಈಚಿನ ವಾಹನಗಳಲ್ಲಿ ಈ ಲೆಕ್ಕ ಎಲೆಕ್ಟ್ರಾನಿಕ್ ಘಟಕದಲ್ಲಿರುವುದರಿಂದ ವರ್ಕ್‌ಶಾಪಿನಲ್ಲೇ ಕೇಳಬೇಕು.

ಇನ್ನು ಟ್ರ್ಯಾಕ್ಟರಿಗೆ ಬರೋಣ. ಟ್ರ್ಯಾಕ್ಟರಿನ ಮೀಟರು ಬಹುಮಟ್ಟಿಗೆ ಎಂಜಿನ್ನಿನ ಸುತ್ತುಗಳನ್ನು ತೋರಿಸುತ್ತದೆ. ಯಾವ ಗೇರಿನಲ್ಲಿ ಎಷ್ಟು ವೇಗವೆಂಬ ಪಟ್ಟಿ ಕೈಪಿಡಿಯಲ್ಲಿರುತ್ತದೆ. ಆ ಪಟ್ಟಿ ಕಾರ್ಖಾನೆಯಿಂದ ಬಂದ ಅಳತೆಯ ಟೈರಿಗೆ ಮಾತ್ರ ಸರಿ.

ಕೆಲವು ವರ್ಷಗಳ ಹಿಂದೆ ಎರೆಭೂಮಿಯ ರೈತರೊಬ್ಬರು 10 ಎಕರೆ ಗೋವಿನಜೋಳಕ್ಕೆ ಟ್ರ್ಯಾಕ್ಟರಿನಿಂದ ಅಟ್ರಾಜಿನ್ ಕಳೆನಾಶಕ ಸಿಂಪಡಿಸಲು ಲೆಕ್ಕ ಕೇಳಿದರು. ನಾನು ಪಟ್ಟಿಯಲ್ಲಿದ್ದ ಗಂಟೆಗೆ 4 ಕಿಲೋಮೀಟರು ವೇಗ ಹಿಡಿದು, ಎಕರೆಗೆ 200 ಲೀಟರು, 400 ಲೀಟರಿನ ಟ್ಯಾಂಕಿಗೆ 2 ಎಕರೆ ಎಂದು ಹೇಳಿಕೊಟ್ಟೆ. ಅವರು ಹಿಂದಿನ ಗಾಲಿಗೆ 12.4-28ರ ಬದಲು 13.6-28 ಟೈರು ಹಾಕಿಸಿದ್ದರು. ರಿಮ್ಮು ಎರಡಕ್ಕೂ 28 ಅಂಗುಲವೇ. ಆದರೆ ಅಗಲದೊಡನೆ ಎತ್ತರವೂ ಹೆಚ್ಚುತ್ತದೆ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಟ್ರ್ಯಾಕ್ಟರು ಸ್ವಲ್ಪ ಬೇಗ ಸಾಗಿದ್ದರಿಂದ ಎಕರೆಗೆ ಸುಮಾರು 191 ಲೀಟರು ಮಾತ್ರ ಬಿತ್ತು. ಕಳೆ ಹತೋಟಿಗೆ ಅದರಿಂದ ತೊಂದರೆಯಾಗಲಿಲ್ಲ. ಆದರೆ ಪ್ರತಿ ಟ್ಯಾಂಕಿನಲ್ಲಿಯೂ ಸುಮಾರು 18 ಲೀಟರು ಉಳಿಯಿತು. ದುಡ್ಡು ಕೊಟ್ಟು ತಂದ ಔಷಧ ಚೆಲ್ಲುವುದೇಕೆಂದು ಅವರು ಐದು ಸಲವೂ ಅದನ್ನು ನೀರು ತುಂಬಿಸುವ ಬಾವಿಯ ಕಡೆಯ ಅಂಚಿಗೇ ಸಿಂಪಡಿಸಿ ಮುಗಿಸಿದರು. ನಾಲ್ಕು ಗುಂಟೆಗೆ ಸ್ವಲ್ಪ ಕಡಿಮೆಯಾದ ಆ ಪಟ್ಟಿಗೆ ತನ್ನ ಪಾಲಿನ ಜೊತೆಗೆ ಇನ್ನೂ ಐದು ಪಾಲು ಬಿತ್ತು. ಅಟ್ರಾಜಿನ್ನನ್ನು ತಾಳಿಕೊಳ್ಳುವ ಗೋವಿನಜೋಳಕ್ಕೆ ಏನೂ ಆಗಲಿಲ್ಲ. ಹಿಂಗಾರಿನಲ್ಲಿ ಬಿತ್ತಿದ ಕಡಲೆ ಮಾತ್ರ ಆ ಪಟ್ಟಿಯಲ್ಲಿ ಹುಟ್ಟಿ, ಹಳದಿಯಾಗಿ, ಒಣಗಿತು. ಕ್ಷಾರಗುಣದ ಎರೆಮಣ್ಣಿನಲ್ಲಿ ಈ ಔಷಧ ನಿಧಾನವಾಗಿ ಕರಗುತ್ತದೆ, ಮತ್ತು ದ್ವಿದಳ ಬೆಳೆಗಳು ಅದನ್ನು ಸಹಿಸುವುದಿಲ್ಲ.

ರೈತರಿಗೆ ಬೀಜದ ಮೇಲೆ ಅನುಮಾನ. ಬೀಜ ಕೊಟ್ಟ ನೆರೆಯವರೊಡನೆ ಮಾತು ಬಿಟ್ಟಿದ್ದರು. ನಾನು ಹೋಗಿ ನೋಡಿದೆ. ಒಣಗಿದ ಭಾಗ ಟ್ರ್ಯಾಕ್ಟರಿನ ದಾರಿಯಂತೆ ನೆಟ್ಟಗಿತ್ತು. ಟ್ರ್ಯಾಕ್ಟರನ್ನು 50 ಮೀಟರು ಓಡಿಸಿ ಗಡಿಯಾರ ಹಿಡಿದೆವು. 45 ಸೆಕೆಂಡು ಬೇಕಾಗಿದ್ದಲ್ಲಿ 43 ಸೆಕೆಂಡಿಗೇ ಮುಟ್ಟಿತು. ಬೀಜದಲ್ಲಿ ದೋಷವಿರಲಿಲ್ಲ, ಅಳೆಯದೆ ಲೆಕ್ಕ ಕೊಟ್ಟ ತಪ್ಪು ನನ್ನದು. ಆ ಮಾತನ್ನು ನೆರೆಯವರ ಎದುರಿಗೇ ಹೇಳಿ ಬಂದೆ.

ಆದುದರಿಂದ ಟೈರು ಬದಲಿಸಿದವರು ಸಿಂಪರಣೆಗೆ ಮೊದಲು ಹೀಗೆ ಮಾಡಿರಿ:

1. ಟ್ಯಾಂಕಿಗೆ ಅರ್ಧದಷ್ಟು ಬರಿಯ ನೀರು ತುಂಬಿ, ಟೈರುಗಳಿಗೆ ಸರಿಯಾದ ಗಾಳಿ ಹಾಕಿ. ಡಾಂಬರು ರಸ್ತೆಯಲ್ಲಲ್ಲ, ಸಿಂಪಡಿಸುವ ಹೊಲದಲ್ಲಿಯೇ 50 ಮೀಟರು ಅಂತರದಲ್ಲಿ ಎರಡು ಗೂಟ ನೆಡಿ.

2. ಸಿಂಪಡಿಸುವಾಗ ಬಳಸುವ ಗೇರು ಮತ್ತು ಎಂಜಿನ್ ಸುತ್ತುಗಳನ್ನೇ ಇಟ್ಟು, ಮೊದಲ ಗೂಟಕ್ಕಿಂತ ಹತ್ತು ಮೀಟರು ಹಿಂದಿನಿಂದ ಹೊರಡಿ. ಗೂಟದಿಂದ ಗೂಟಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ಎರಡು ಸಲ ನೋಡಿ ಸರಾಸರಿ ತೆಗೆಯಿರಿ. 180ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರು ಎಂಬುದು ಸಿಗುತ್ತದೆ.

3. ಟ್ರ್ಯಾಕ್ಟರನ್ನು ನಿಲ್ಲಿಸಿ, ಎಂಜಿನ್ ಸುತ್ತುಗಳನ್ನು ಬದಲಿಸದೆ, ಅಷ್ಟೇ ಸೆಕೆಂಡು ಎಲ್ಲ ನಾಜಲುಗಳ ನೀರನ್ನು ಹಿಡಿದು ಅಳೆಯಿರಿ. ಸಿಂಪರಣೆಯ ಅಗಲ 6 ಮೀಟರಾದರೆ ಅದು 300 ಚದರ ಮೀಟರಿಗೆ ಬೀಳುವ ನೀರು. ಅದನ್ನು ಹದಿಮೂರೂವರೆಯಿಂದ ಗುಣಿಸಿದರೆ ಒಂದು ಎಕರೆಯ ನೀರು ತಿಳಿಯುತ್ತದೆ. ಔಷಧದ ಪ್ರಮಾಣವನ್ನು ಈ ನೀರಿಗೆ ಹೊಂದಿಸಿ.

4. ದ್ರಾವಣ ಉಳಿದರೆ ಸಿಂಪಡಿಸಿದ ಜಾಗಕ್ಕೆ ಮತ್ತೆ ಹೊಡೆಯಬೇಡಿ. ಅದನ್ನು ಟ್ಯಾಂಕಿನಲ್ಲೇ ಬಿಟ್ಟು, ಮುಂದಿನ ಸಲ ಅಷ್ಟು ನೀರು ಮತ್ತು ಅಷ್ಟು ಔಷಧವನ್ನು ಕಡಿಮೆ ಮಾಡಿರಿ. ಕಡೆಯ ಟ್ಯಾಂಕಿಗೆ ಉಳಿದ ಜಾಗಕ್ಕೆ ಬೇಕಾದಷ್ಟೇ ಬೆರೆಸಿರಿ.

ಇನ್ನೊಂದು ಎಚ್ಚರಿಕೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಟ್ರ್ಯಾಕ್ಟರಿನಲ್ಲಿ ಹಿಂದಿನ ಟೈರಿನ ಅಳತೆಯನ್ನು ಮಾತ್ರ ಬದಲಿಸಬೇಡಿ. ಮುಂದಿನ ಹಾಗೂ ಹಿಂದಿನ ಚಕ್ರಗಳ ಹೊಂದಿಕೆ ಕೆಟ್ಟು ಟೈರು, ಗೇರುಗಳು ಬೇಗ ಸವೆಯುತ್ತವೆ.

ಅಳೆಯುವ ಈ ಕೆಲಸಕ್ಕೆ ಅರ್ಧ ಗಂಟೆ ಸಾಕು. ಬೇಕಾದುದು ಎರಡು ಗೂಟ, ಒಂದು ಟೇಪು, ಒಂದು ಗಡಿಯಾರ, ಒಂದು ಬಕೀಟು. ನಾಲ್ಕು ಗುಂಟೆ ಕಡಲೆ ಹಾಗೂ ನೆರೆಯವರ ಸ್ನೇಹ ಇವುಗಳಿಗಿಂತ ಬೆಲೆಯುಳ್ಳವು.